ಹಳೇ ಟಾಟಾ ಏಸ್: ಇಂಜಿನ್ ಆಮೇಲೆ ನೋಡಿ, ಮೊದ್ಲು ಚಾಸಿ ಮತ್ತೆ ಪೇಪರ್ ನೋಡಿ

2011ರ ಮಾಡೆಲ್ ಏಸ್ ಒಂದೂವರೆ ಲಕ್ಷಕ್ಕೆ ಹೇಳ್ತಿದಾರೆ ತಗೊಳ್ಳೋದಾ ಬೇಡ್ವಾ ಅಂತ ಕೇಳೋರು ತುಂಬಾ ಜನ, ಅದಕ್ಕೆ ಗೊತ್ತಿರೋದನ್ನೆಲ್ಲ ಒಂದೇ ಕಡೆ ಬರೆದು ಹಾಕ್ತಿದೀನಿ. ಇದು ಹಳೇ ಡೀಸೆಲ್ ಏಸ್ ಬಗ್ಗೆ ಮಾತ್ರ, ಅದೇ ನಮ್ಮ ಛೋಟಾ ಹಾಥಿ, 702 ಸಿಸಿ, ಎರಡು ಸಿಲಿಂಡರ್, 16 ಎಚ್‌ಪಿ. ಈಗ ಬರೋ ಪೆಟ್ರೋಲ್, ಸಿಎನ್‌ಜಿ, ಎಲೆಕ್ಟ್ರಿಕ್ ಗಾಡಿಗಳ ಲೆಕ್ಕವೇ ಬೇರೆ.

2005ರಲ್ಲಿ ಈ ಗಾಡಿ ಬಂದಾಗ ಎರಡೂಕಾಲು ಲಕ್ಷದ ಆಸುಪಾಸಿತ್ತು ರೇಟು, ಲಗೇಜ್ ಆಟೋ ಓಡಿಸ್ತಿದ್ದೋರೆಲ್ಲ ನಾಲ್ಕು ಚಕ್ರಕ್ಕೆ ಬಂದಿದ್ದೇ ಇದರಿಂದ. ಇಂಡಿಕಾ ಕಾರಿನ 1405 ಸಿಸಿ ಇಂಜಿನ್ನನ್ನ ಅರ್ಧ ಮಾಡಿ ಕೂರಿಸಿರೋದು, ಹಂಗಾಗಿ ಯಾವ ಹೋಬಳಿಗೆ ಹೋದ್ರೂ ಇದನ್ನ ಬಿಚ್ಚೋಕೆ ಗೊತ್ತಿರೋ ಒಬ್ಬ ಮೆಕ್ಯಾನಿಕ್ ಸಿಕ್ಕೇ ಸಿಗ್ತಾನೆ, ಪಾರ್ಟ್ಸೂ ಸಿಗುತ್ತೆ. ಹೊಸ ಡೀಸೆಲ್ ಗಾಡಿಗಳಲ್ಲಿರೋ ಕಾಮನ್ ರೈಲ್ ಅನ್ನೋ ಎಲೆಕ್ಟ್ರಾನಿಕ್ ಇಂಜೆಕ್ಷನ್ ತಲೆನೋವಿಲ್ಲ. ಪಂಪು, ನಾಝಲ್ಲು, ಹೀಟರ್ ಪ್ಲಗ್ಗು ಅಷ್ಟೇ. ಚಳಿಗಾಲದಲ್ಲಿ ಬೆಳಗ್ಗೆ ಸ್ಟಾರ್ಟ್ ಆಗೋಕೆ ಹಠ ಮಾಡಿದ್ರೆ ಹೀಟರ್ ಪ್ಲಗ್ ನೋಡ್ಸಿ, ಸುಮ್ನೆ ಬ್ಯಾಟರಿ ಬದಲಾಯಿಸ್ಬೇಡಿ.

ಇಂಜಿನ್ನಿಗೆ ದೊಡ್ಡ ಶತ್ರು ಅಂದ್ರೆ ಬಿಸಿ. ಸೀಟ್ ಕೆಳಗೇ ಇಂಜಿನ್ ಇರೋದು, ಬೇಸಿಗೇಲಿ ಓಡಿಸಿದೋರಿಗೆ ಬೇರೆ ಹೇಳ್ಬೇಕಾಗಿಲ್ಲ. ರೇಡಿಯೇಟರ್ ಕಟ್ಕೊಂಡು, ಹೋಸ್ ಪೈಪ್ ಒಂದು ಸಣ್ಣಗೆ ಲೀಕ್ ಆಗ್ತಾ, ಕೂಲಂಟ್ ಬದಲು ಬೋರ್‌ವೆಲ್ ನೀರು ಹಾಕ್ಕೊಂಡೇ ಓಡ್ಸಿರೋ ಗಾಡಿಗಳೇ ಜಾಸ್ತಿ, ಲೋಡ್ ಹಾಕಿ ಏರು ಹತ್ತಿಸುವಾಗ ಒಂದು ದಿನ ಹೆಡ್ ಗ್ಯಾಸ್ಕೆಟ್, ಅಂದ್ರೆ ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು, ಹೋಗುತ್ತೆ. ಗಾಡಿ ನೋಡೋಕೆ ಹೋದಾಗ ಆಯಿಲ್ ಕ್ಯಾಪ್ ಬಿಚ್ಚಿ, ಒಳಗಡೆ ಕಾಫಿ ಬಣ್ಣದ ನೊರೆ ಇದ್ರೆ ಆಯಿಲಿಗೆ ನೀರು ಸೇರಿದೆ ಅಂತ ಅರ್ಥ, ಅಲ್ಲೇ ಮಾತು ಮುಗಿಸಿ. ಇಂಜಿನ್ ಓಡ್ತಿರುವಾಗ ಆಯಿಲ್ ಹಾಕೋ ಬಾಯಿಂದ ಹೊಗೆ ಭುಸು ಭುಸು ಅಂತ ಬಂದ್ರೆ ಪಿಸ್ಟನ್ ರಿಂಗು ಸವೆದಿದೆ, ಬೋರಿಂಗ್ ಕೆಲಸ, ಅಂದ್ರೆ ಸಿಲಿಂಡರ್ ಕೊರೆದು ಸರಿ ಮಾಡೋದು, ಹತ್ರದಲ್ಲೇ ಇದೆ. ವಾಲ್ವ್‌ಗಳನ್ನ ಸರಿಯಾದ ಹೊತ್ತಿಗೆ ತೆಗೆದು ಮುಚ್ಚಿಸೋ ಟೈಮಿಂಗ್ ಬೆಲ್ಟು ಮಾತ್ರ ಮಾಲೀಕ ಏನೇ ಹೇಳ್ಲಿ, ಮೊನ್ನೆ ತಾನೆ ಹಾಕ್ಸಿದೀನಿ ಅಂತ ದೇವ್ರ ಮೇಲೆ ಆಣೆ ಇಟ್ರೂ, ನೀವು ತಗೊಂಡ ವಾರದಲ್ಲೇ ಹೊಸದು ಹಾಕ್ಸಿ. ಅದು ತುಂಡಾದ್ರೆ ವಾಲ್ವ್ ಬಗ್ಗಿ ಹೆಡ್ ಪೂರ್ತಿ ರಿಪೇರಿಗೆ ಬರುತ್ತೆ. ಇನ್ನು ಎರಡೇ ಸಿಲಿಂಡರ್ ಆಗಿರೋದ್ರಿಂದ ನಡುಕ ಇದ್ದೇ ಇರುತ್ತೆ, ಇಂಜಿನ್ ಮೌಂಟಿಂಗ್ ರಬ್ಬರು, ಸೈಲೆನ್ಸರ್ ಬ್ರಾಕೆಟ್ಟು ಆಗಾಗ ಹೋಗ್ತಾನೆ ಇರುತ್ತೆ. ಚಿಲ್ಲರೆ ಖರ್ಚು ಬಿಡಿ.

ಇಷ್ಟೆಲ್ಲ ಹೇಳಿದ್ರೂ ನನ್ನ ಕೇಳಿದ್ರೆ ಇಂಜಿನ್ ದೊಡ್ಡ ಭಯ ಅಲ್ಲ, ದುಡ್ಡು ಹಾಕಿದ್ರೆ ಅದು ಸರಿ ಹೋಗುತ್ತೆ. ಸರಿ ಹೋಗ್ದೇ ಇರೋದು ಚಾಸಿ, ಅಂದ್ರೆ ಗಾಡಿಯ ಬುಡದ ಉಕ್ಕಿನ ಚೌಕಟ್ಟು. ಈ ಗಾಡಿಗೆ ಬರೆದಿರೋ ಲೋಡು 750 ಕೆಜಿ, ಅಂದ್ರೆ 50 ಕೆಜಿಯ ಸಿಮೆಂಟ್ ಮೂಟೆ ಹದಿನೈದು. ಹದಿನೈದೇ ಮೂಟೆ ಹಾಕ್ಕೊಂಡು ಹೋಗೋ ಏಸ್ ನೀವು ನೋಡಿದೀರಾ? ನಾನಂತೂ ನೋಡಿಲ್ಲ. ಕೋಲಾರದ ಕಡೆ ಟೊಮೇಟೊ ಸೀಸನ್ನಲ್ಲಿ ಕ್ರೇಟು ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರ್ಸಿರ್ತಾರೆ. ಅದನ್ನೆಲ್ಲ ಹೊತ್ತಿದ್ದು ಚಾಸಿ, ಸ್ಪ್ರಿಂಗ್ ಪ್ಲೇಟು, ಹಿಂದಿನ ಆಕ್ಸಲ್ಲು. ಅದಕ್ಕೆ ಗಾಡಿ ಕೆಳಗೆ ಮಲ್ಕೊಂಡು ಟಾರ್ಚ್ ಹಾಕಿ ನೋಡಿ, ನಾಚ್ಕೋಬೇಡಿ. ಹಿಂದಿನ ಪ್ಲೇಟ್ ಸೆಟ್ಟಿಗೆ ಎಕ್ಸ್‌ಟ್ರಾ ಪ್ಲೇಟ್ ಸೇರ್ಸಿದಾರೆ ಅಂದ್ರೆ ಓವರ್‌ಲೋಡ್ ಹೊಡೆದಿದಾರೆ ಅಂತಾನೇ ಅರ್ಥ. ಕ್ಯಾಬಿನ್ ಹಿಂಭಾಗದಲ್ಲಿ ಚಾಸಿಗೆ ವೆಲ್ಡಿಂಗ್ ಗುರುತಿದೆಯಾ, ಅದರ ಮೇಲೆ ಹೊಸದಾಗಿ ಕಪ್ಪು ಪೇಂಟ್ ಬಳಿದಿದಾರಾ ನೋಡಿ. ಓಡ್ಸಿ ಆಕ್ಸಿಲರೇಟರ್ ಬಿಟ್ಟಾಗ ಹಿಂದಿಂದ ಗುಂಯ್ ಅಂದ್ರೆ ಹಿಂದಿನ ಆಕ್ಸಲ್ ಒಳಗಿನ ಕ್ರೌನ್ ಪಿನಿಯನ್ ಗೇರು ಸವೆದಿದೆ. ಮುಂದಿನ ಚಕ್ರ ಜಾಕ್ ಹಾಕಿ ಎತ್ತಿ ಮೇಲೆ ಕೆಳಗೆ ಅಲ್ಲಾಡಿಸಿ, ಆಟ ಇದ್ರೆ ಚಕ್ರ ಆಚೀಚೆ ತಿರುಗೋಕಿರೋ ಕಿಂಗ್ ಪಿನ್ನೋ ಬೇರಿಂಗೋ ಹೋಗಿದೆ. ಕರಾವಳಿ ಕಡೆ ಮೀನು ಹೊಡೆದಿರೋ ಗಾಡಿ ಆದ್ರೆ ರೇಟ್ ಎಷ್ಟೇ ಕಮ್ಮಿ ಇರ್ಲಿ ಬೇಡ, ಐಸ್ ಕರಗಿ ಉಪ್ಪುನೀರು ಸೋರಿ ಸೋರಿ ಬಾಡಿ ಚಾಸಿ ಎರಡೂ ಒಳಗಿಂದ್ಲೇ ತಿಂದಿರುತ್ತೆ, ಮೇಲಿಂದ ಪೇಂಟ್ ಪಳಪಳ ಅಂತಿರುತ್ತೆ.

ಈಗ ಪೇಪರ್ ವಿಷ್ಯ. ಬಹಳ ಜನ ಇಲ್ಲೇ ಬೀಳೋದು. ಯೆಲ್ಲೋ ಬೋರ್ಡ್ ಗಾಡಿ 8 ವರ್ಷ ದಾಟಿದ್ರೆ ಪ್ರತಿ ವರ್ಷ ಎಫ್‌ಸಿ, ಅಂದ್ರೆ ಗಾಡಿ ಓಡ್ಸೋಕೆ ಯೋಗ್ಯ ಅಂತ ಆರ್‌ಟಿಒ ಕೊಡೋ ಫಿಟ್‌ನೆಸ್ ಸರ್ಟಿಫಿಕೇಟು. 15 ವರ್ಷ ದಾಟಿದ್ರೆ ಎಫ್‌ಸಿ ಫೀಸು ಸಾವಿರಗಳ ಲೆಕ್ಕಕ್ಕೆ ಹೋಗುತ್ತೆ, ಈ ರೇಟು ಆಗಾಗ ಬದಲಾಗ್ತಿರೋದ್ರಿಂದ ಅಡ್ವಾನ್ಸ್ ಕೊಡೋ ಮುಂಚೆ ಇವತ್ತಿನ ರೇಟ್ ಆರ್‌ಟಿಒದಲ್ಲೇ ಕೇಳಿ. ಎಫ್‌ಸಿ ಮುಗಿದು ಮೂಲೇಲಿ ನಿಂತಿರೋ ಗಾಡಿ ಕಮ್ಮಿಗೆ ಸಿಗುತ್ತೆ ಅಂತ ಖುಷಿ ಪಡ್ಬೇಡಿ, ಲೇಟ್ ಆದ ಪ್ರತಿ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಅಂತ ರೂಲ್ ಇದೆ, ಒಂದು ವರ್ಷ ನಿಂತಿದ್ರೆ 18,250. ಎಫ್‌ಸಿಗೆ ಕರ್ಕೊಂಡು ಹೋಗೋಕೆ ಲೈಟು, ಬ್ರೇಕು, ರಿಫ್ಲೆಕ್ಟರ್ ಟೇಪು, ಟಿಂಕರಿಂಗು, ಪೇಂಟು ಅಂತ ಆಗೋದು ಬೇರೆ. ಇನ್ಶೂರೆನ್ಸು ಗಾಡಿ ಹಳೇದು ಅಂತ ಕಮ್ಮಿ ಆಗಲ್ಲ. ಬಾಡಿಗೆ ಹೊಡಿಯೋ 7,500 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಕಡ್ಡಾಯ ಇರೋ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಂದೇ 2022ರ ರೇಟಲ್ಲಿ 16,049 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಒಂದೂವರೆ ಲಕ್ಷದ ಗಾಡಿಗೆ ವರ್ಷಾ ವರ್ಷ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಇನ್ಶೂರೆನ್ಸಿಗೇ ಹೋಯ್ತು. ಇದನ್ನ ಯಾವ ಬ್ರೋಕರ್ರೂ ಬಾಯಿ ಬಿಟ್ಟು ಹೇಳಲ್ಲ.

ಆರ್‌ಸೀಲಿ ಫೈನಾನ್ಸ್ ಹೆಸರು ಇನ್ನೂ ಇದ್ರೆ ಸಾಲ ಬಾಕಿ ಇಲ್ಲ ಅಂತ ಫೈನಾನ್ಸಿನೋರು ಕೊಡೋ ಎನ್‌ಒಸಿ ಮತ್ತೆ ಆರ್‌ಸೀಲಿ ಅವರ ಹೆಸರು ತೆಗ್ಸೋಕೆ ಬೇಕಾದ ಫಾರಂ 35 ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡ್ಬೇಡಿ, ಲೋನ್ ಯಾವಾಗ್ಲೋ ಮುಗ್ದಿದೆ ಸಾರ್ ಅನ್ನೋ ಮಾತು ಆರ್‌ಟಿಒದಲ್ಲಿ ನಡೆಯಲ್ಲ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದ್ರೆ ಎಫ್‌ಸಿ, ಇನ್ಶೂರೆನ್ಸ್ ಯಾವಾಗಿನ ತನಕ ಇದೆ ಗೊತ್ತಾಗುತ್ತೆ, ಬಾಕಿ ಇರೋ ಚಲನ್ನೂ ಒಂದ್ಸಲ ನೋಡ್ಕೊಳ್ಳಿ.

ಓಡ್ಸೋ ಖರ್ಚು ಪರ್ವಾಗಿಲ್ಲ. ಲೋಡಲ್ಲಿ ಲೀಟರಿಗೆ 15ರಿಂದ 18 ಕಿಲೋಮೀಟರ್ ಕೊಟ್ರೆ ಒಳ್ಳೇ ಗಾಡಿ ಅಂತ ಲೆಕ್ಕ. ಟೈರು 12 ಇಂಚಿಂದು, ಒಂದೊಂದು ಮೂರು ಸಾವಿರದ ಮೇಲೆ, ಜೊತೆ ಜೊತೆಯಾಗಿ ಹಾಕ್ಸಿದ್ರೆ ಭಾರ ಅನ್ಸಲ್ಲ. ಆದ್ರೆ 16 ಎಚ್‌ಪೀಲಿ ಘಾಟಿ ಹತ್ತೋದು ಅಂದ್ರೆ ಹಿಂದಿರೋ ಬಸ್ಸಿನೋರ ಶಾಪ ತಿನ್ನೋಕೂ ರೆಡಿ ಇರ್ಬೇಕು.

ಊರೊಳಗೆ ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನು, ತರಕಾರಿ, ಶಾಮಿಯಾನ ಸಾಮಾನು ಅಂತ ದಿನಾ ಮೂವತ್ತು ನಲವತ್ತು ಕಿಲೋಮೀಟರ್ ಓಡ್ಸೋರಿಗೆ, ಪಕ್ಕದಲ್ಲೇ ನಂಬೋ ಮೆಕ್ಯಾನಿಕ್ ಇದ್ರೆ, ಧೈರ್ಯವಾಗಿ ತಗೊಳ್ಳಿ. ದಿನಾ ಒಂದು ಟನ್ ಮೇಲೆ ಲೋಡು, ಹೈವೇ, ಘಾಟಿ ಅನ್ನೋರು ಇನ್ನಷ್ಟು ಸಾಲ ಆದ್ರೂ ಬೊಲೆರೊ ಪಿಕಪ್ ಥರದ್ದಕ್ಕೆ ಹೋಗಿ. ಮತ್ತೆ ಯಾವ ಏಸ್ ತಗೊಂಡ್ರೂ ಹೇಳಿದ ರೇಟಿನ ಮೇಲೆ ಮೂವತ್ತು ನಲವತ್ತು ಸಾವಿರ ಕೈಯಲ್ಲಿಟ್ಕೊಂಡಿರಿ, ಬೆಲ್ಟು, ಹೋಸು, ಬ್ರೇಕು, ಟೈರು, ಇನ್ಶೂರೆನ್ಸು, ಟ್ರಾನ್ಸ್‌ಫರ್ ಅಂತ ಮೊದಲ ಎರಡು ತಿಂಗಳಲ್ಲೇ ಅದು ಖಾಲಿ ಆಗುತ್ತೆ.