ಬೆಟ್ಟಕ್ಕೆ ಯಾವ ಬೂಟು: ಚರ್ಮ, ವಾಟರ್‌ಪ್ರೂಫ್, ಕ್ಯಾನ್ವಾಸ್

ಮೈಸೂರಿನಿಂದ ಕೊಡಗಿನ ತಡಿಯಂಡಮೋಳ್ ಬೆಟ್ಟ (1748 ಮೀಟರ್) ಹತ್ತಲು ಹೊರಡುವವರು ಅಂಗಡಿಯಲ್ಲಿ ಮೊದಲು ಕೇಳುವುದು ‘ವಾಟರ್‌ಪ್ರೂಫಾ?’ ಅಂತ. ಮೂರೂ ಬಗೆಯನ್ನು ಆ ಬೆಟ್ಟದ ಕೆಸರಿನಲ್ಲೂ ಕುಂತಿಬೆಟ್ಟದ ಬಂಡೆಯಲ್ಲೂ ಹಾಕಿ ನೋಡಿದರೆ, ಮಳೆಗಾಲದಲ್ಲಿ ಮುಖ್ಯವಾಗುವುದು ಒಳಗೆ ಹೋದ ನೀರು ಎಷ್ಟು ಬೇಗ ಹೊರಬರುತ್ತದೆ ಅನ್ನುವುದು.

ಒಳಪೊರೆಯಿರುವ ವಾಟರ್‌ಪ್ರೂಫ್ ಬೂಟು ಇಬ್ಬನಿಗೆ, ತುಂತುರಿಗೆ ಸೊಗಸು. ತೊರೆ ದಾಟುವಾಗ ಮೇಲಿನಿಂದ ನೀರು ನುಗ್ಗಿತೋ, ಕೆಲಸ ಕೆಟ್ಟಿತು. ಆ ಪೊರೆ ಬೆವರಿನ ಆವಿಯನ್ನು ಬಿಟ್ಟೀತು, ನೀರನ್ನು ಬಿಡದು. ಪಾದ ನೆಂದು ಮೆತ್ತಗಾಗಿ ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ.

ಕ್ಯಾನ್ವಾಸ್ ಜಂಗಲ್ ಬೂಟು ಮೊದಲ ಮಳೆಗೇ ನೆನೆಯುತ್ತದೆ, ನಡೆಯುತ್ತಲೇ ನೀರು ಹಿಂಡಿಹೋಗುತ್ತದೆ. ಬೆಲೆಯೂ ಕಮ್ಮಿ. ಅಟ್ಟೆ ತೆಳು, ಕಲ್ಲು ಚುಚ್ಚುತ್ತದೆ. ಒಳಗೆ 4–5 ಮಿ.ಮೀ. ಇನ್‌ಸೋಲ್ ಹಾಕಿ. ಕಣಕಾಲಿಗೆ ಆಸರೆ ಸಾಲದು, ಹತ್ತು ಕಿಲೋ ಮೀರಿದ ಹೊರೆಗೆ ಬೇಡ. ಜಿಗಣೆಗೆ ಮೊಣಕಾಲಿನ ಕೆಳಗೆ ಕಟ್ಟುವ ಒತ್ತುನೇಯ್ಗೆಯ ಲೀಚ್ ಸಾಕ್ಸ್ ಯಾವ ಬೂಟಿಗಾದರೂ ಬೇಕು. ಮಳೆಗಾಲಕ್ಕೆ ನಮ್ಮ ಓಟು ಕ್ಯಾನ್ವಾಸಿಗೇ.

ಚರ್ಮದ್ದು ಚಳಿಗಾಲದ ಭಾರದ ನಡಿಗೆಗೆ. ಪೂರ್ತಿ ನೆಂದರೆ ಒಣಗಲು ಎರಡು ದಿನವಾದರೂ ಬೇಕು. ಒಲೆ ಪಕ್ಕ ಇಟ್ಟರೆ ಚರ್ಮ ಸಿಡಿಯುತ್ತದೆ, ಅಂಟು ಬಿಡುತ್ತದೆ. ಹಳೇ ಪೇಪರ್ ತುರುಕಿ, ಒದ್ದೆಯಾದಂತೆ ಬದಲಿಸುತ್ತಾ ನೆರಳಲ್ಲಿಡಿ. ಒಣಗಿದ ಮೇಲೆ ಹೊಲಿಗೆಗೆ ಜೇನುಮೇಣ ತಿಕ್ಕಿ.

ಆನ್‌ಲೈನ್‌ನಲ್ಲಿ ‘ಹಂಟಿಂಗ್ ಬೂಟು’ ಎಂದು ಬರುವ 400 ಗ್ರಾಂ, 800 ಗ್ರಾಂ ಇನ್ಸುಲೇಷನ್ನಿನವು (ಚದರ ಮೀಟರಿಗೆ ಅಷ್ಟು ತೂಗುವ, ಕಾಲು ಬೆಚ್ಚಗಿಡುವ ಒಳಪದರದವು) ಹಿಮದ ನಾಡಿನವು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಬೇಟೆಯ ಮಾತೇ ಬೇಡ. ನಡೆಯಲು ಹಾಕಿದರೂ ಪಾದ ಬೆಂದುಹೋಗುತ್ತದೆ.

ಸಂಜೆ, ಪಾದ ಊದಿರುವಾಗ, ಬೆಟ್ಟಕ್ಕೆ ಹಾಕುವ ಕಾಲುಚೀಲದಲ್ಲೇ ಅಳತೆ ನೋಡಿ. ಲೇಸು ಬಿಚ್ಚಿ ಪಾದ ಮುಂದಕ್ಕೆ ತಳ್ಳಿದರೆ ಹಿಮ್ಮಡಿ ಹಿಂದೆ ಒಂದು ಬೆರಳು ಹೋಗಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಹೆಬ್ಬೆರಳು ಬಡಿದು ಉಗುರು ಕಪ್ಪಾಗುತ್ತದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಪಳಗಿಸಲು ಒಳ್ಳೆ ಜಾಗ, ಅದೂ ಇಳಿಯುವಾಗ. ಇಳಿಯುವ ಮೊದಲು ಕಣಕಾಲಿನ ಬಾಗಿನಲ್ಲಿ ಲೇಸನ್ನು ಎರಡು ಸುತ್ತು ಹೊಸೆದು ಬಿಗಿಯಿರಿ, ಹಿಮ್ಮಡಿ ಮೇಲೇಳದು. ಎಲ್ಲಿ ಬಿಸಿಯಾಗುತ್ತದೋ ಅಲ್ಲಿ, ಬೊಬ್ಬೆಗೆ ಮುಂಚೆಯೇ, ಟೇಪು ಅಂಟಿಸಿ.

ಕಪಾಟಿನಲ್ಲಿ ನಾಲ್ಕೈದು ವರ್ಷ ಮಲಗಿದ್ದ ಬೂಟನ್ನು ಹಾಗೇ ಒಯ್ಯಬೇಡಿ. ಅಟ್ಟೆಯ ನಡುಪದರ ಪಾಲಿಯುರೆಥೇನ್ ಆಗಿದ್ದರೆ ಗಾಳಿಯ ತೇವಕ್ಕೇ ಶಿಥಿಲವಾಗುತ್ತದೆ, ಹಾಕದೆ ಇಟ್ಟಿದ್ದರೂ. ಹೆಬ್ಬೆರಳಿಂದ ಒತ್ತಿ, ಬಿರುಕು ಬಿಟ್ಟರೆ, ಪುಡಿ ಉದುರಿದರೆ, ಫೆವಿಕಾಲ್ ಹುಡುಕದೆ ಹೊಸದು ಕೊಳ್ಳಿ.