ಒಂದೇ ಹಾಲಿನ ಡೈರಿ, ಮೂರು ದಾರಿ: ಡಿಎಫ್‌ಡಿ, ಯುಎಂಎಲ್, ಪೆನ್ಸಿಲ್ ಸ್ಕ್ರೀನ್

ಎಂಸಿಎ ಓದುವಾಗ ನಮಗೆ ಸಿಸ್ಟಮ್ಸ್ ಅನಾಲಿಸಿಸ್ ಅಂಡ್ ಡಿಸೈನ್ ಅಂತ ಒಂದು ಪೇಪರ್ ಇತ್ತು. ಚಿಕ್ಕದಾಗಿ ಎಸ್‌ಎಡಿ. ಅದನ್ನು ಸ್ಯಾಡ್ ಅಂತ ಓದಿ ನಗುವುದು ಪ್ರತಿ ಬ್ಯಾಚಿನ ಹಳೇ ಜೋಕು. ಜೊತೆಗೆ ಒಂದು ಮಿನಿ ಪ್ರಾಜೆಕ್ಟ್. ಕೋಡ್ ಬರೆಯುವ ಹಾಗಿಲ್ಲ, ಒಂದು ನಿಜವಾದ ವ್ಯವಸ್ಥೆಯನ್ನು ನೋಡಿ, ಕೇಳಿ, ಚಿತ್ರ ಬಿಡಿಸಿ ಕೊಡಬೇಕು ಅಷ್ಟೆ. ಮುಕ್ಕಾಲು ಪಾಲು ಗುಂಪುಗಳು ಲೈಬ್ರರಿ ಮ್ಯಾನೇಜ್‌ಮೆಂಟ್ ಹಿಡಿದವು. ಸೀನಿಯರ್‌ಗಳ ರೆಕಾರ್ಡ್ ಸಿಗುತ್ತೆ, ಹೆಸರು ಬದಲಾಯಿಸಿದರೆ ಮುಗೀತು, ಲೈಬ್ರರಿಯೊಳಗೆ ಕಾಲಿಡುವುದೂ ಬೇಡ.

ನಾವು ನಾಲ್ಕು ಜನ ನನ್ನ ಊರಿನ ಹಾಲಿನ ಡೈರಿ ತಗೊಂಡೆವು. ದೊಡ್ಡ ಆದರ್ಶವೇನಿರಲಿಲ್ಲ. ವಾರಾಂತ್ಯಕ್ಕೆ ಊರಿಗೆ ಹೋದರೆ ಮನೆ ಊಟ ಸಿಗುತ್ತೆ ಅನ್ನುವುದೇ ಮುಖ್ಯ ಕಾರಣ.

ಆ ಒಂದೇ ಡೈರಿಯನ್ನು ಕೊನೆಗೆ ಮೂರು ಬಗೆಯಲ್ಲಿ ಬಿಡಿಸಬೇಕಾಯಿತು. ಥಿಯರಿಯ ಎರಡನೇ ಯೂನಿಟ್‌ನಲ್ಲಿ ಡಿಎಫ್‌ಡಿ, ಅಂದರೆ ಮಾಹಿತಿ ಎಲ್ಲಿಂದ ಎಲ್ಲಿಗೆ ಹರಿಯುತ್ತೆ ಅಂತ ಬಾಣಗಳಲ್ಲಿ ತೋರಿಸುವ ಚಿತ್ರ ಇತ್ತು, ಹಾಗಾಗಿ ಮೊದಲು ಅದು. ಲ್ಯಾಬ್‌ನವರು ಯುಎಂಎಲ್ (ಸಾಫ್ಟ್‌ವೇರನ್ನು ಚಿತ್ರಗಳಲ್ಲಿ ವಿವರಿಸುವ ಒಂದು ಭಾಷೆ) ಬೇಕೇ ಬೇಕು ಅಂದರು, ಆಮೇಲೆ ಅದು. ಎರಡೂ ಮುಗಿಸಿ ತೋರಿಸಲು ಹೋದಾಗ ಡೈರಿಯ ಕಾರ್ಯದರ್ಶಿಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ. ಆಗ ಪೆನ್ಸಿಲ್ ಹಿಡಿದೆವು. ಜೂನಿಯರ್‌ಗಳು ಈಗಲೂ ಯಾವುದು ಒಳ್ಳೇದು ಅಂತ ಕೇಳುತ್ತಿರುತ್ತಾರೆ, ಅದಕ್ಕೆ ಇದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ.

ಡೈರಿ ಹೇಗೆ ನಡೆಯುತ್ತೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಊರಿನವರಿಗೆ ಗೊತ್ತೇ ಇರುತ್ತೆ. ಬೆಳಿಗ್ಗೆ, ಸಂಜೆ ಎರಡು ಹೊತ್ತು ಹಾಲು ಹಾಕುತ್ತಾರೆ. ಅಳತೆ ಆಗುತ್ತೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ನೋಡುತ್ತಾರೆ, ಅದರ ಮೇಲೆ ದರ. ವಾರಕ್ಕೋ ಹದಿನೈದು ದಿನಕ್ಕೋ ಬಟವಾಡೆ. ಡೈರಿಯಲ್ಲೇ ಸಾಲವಾಗಿ ತಗೊಂಡ ಪಶು ಆಹಾರದ ದುಡ್ಡನ್ನು ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತಾರೆ. ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ ಇಷ್ಟು ಅಂತ ಬೇರೆ, ಅದು ನೇರವಾಗಿ ಉತ್ಪಾದಕರ ಬ್ಯಾಂಕ್ ಖಾತೆಗೆ ಬರುತ್ತೆ.

ಈ ಪ್ರೋತ್ಸಾಹಧನವೇ ಡಿಎಫ್‌ಡಿಯಲ್ಲಿ ನಮ್ಮನ್ನು ಮೊದಲು ಎಡವಿಸಿದ್ದು. ಡೇಟಾ ಫ್ಲೋ ಡಯಾಗ್ರಾಮ್ 1970ರ ದಶಕದ ಸರಕು. ಟಾಮ್ ಡಿಮಾರ್ಕೊ ಮತ್ತು ಯುವರ್ಡನ್ ಕಡೆಯವರು ಪ್ರೋಸೆಸ್‌ಗೆ (ಸಿಸ್ಟಮ್ ಮಾಡುವ ಒಂದೊಂದು ಕೆಲಸಕ್ಕೆ) ವೃತ್ತ ಹಾಕುತ್ತಾರೆ, ಗೇನ್ ಮತ್ತು ಸಾರ್ಸನ್ ಕಡೆಯವರು ಮೂಲೆ ದುಂಡಗಿರುವ ಚೌಕ ಹಾಕುತ್ತಾರೆ. ನಾವು ಎರಡನ್ನೂ ಕಲಸಿ ಬಿಡಿಸಿ ಬೈಸಿಕೊಂಡೆವು, ಅದಿರಲಿ. ಸರ್ಕಾರದಿಂದ ಉತ್ಪಾದಕರಿಗೆ ಒಂದು ದಪ್ಪ ಬಾಣ ಎಳೆದು ಪ್ರೋತ್ಸಾಹಧನ ಅಂತ ಬರೆದಿದ್ದೆವು. ಮೇಡಂ ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು ಹಾಕಿದರು. ಸರ್ಕಾರವೂ ಹೊರಗಿನದು, ಉತ್ಪಾದಕರೂ ಹೊರಗಿನವರು, ಅವರಿಬ್ಬರ ನಡುವೆ ಏನು ಹರಿದರೂ ನಿಮ್ಮ ಸಿಸ್ಟಮ್‌ಗೆ ಸಂಬಂಧವಿಲ್ಲ, ಡಿಎಫ್‌ಡಿಯಲ್ಲಿ ಅದನ್ನು ಬಿಡಿಸುವ ಹಾಗೇ ಇಲ್ಲ ಅಂದರು.

ಸುಮ್ನೆ ಒಂದು ನಿಯಮ ಅಂತ ಮೊದಲು ಗೊಣಗಿದೆವು. ಆಮೇಲೆ ಕೂತು ಯೋಚಿಸಿದಾಗ ತಲೆಗೆ ಹೋಯಿತು. ಡೈರಿ ಮಾಡುವುದು ಇಷ್ಟೇ, ಯಾರು ಎಷ್ಟು ಲೀಟರ್ ಹಾಕಿದರು ಅನ್ನುವ ಲೆಕ್ಕವನ್ನು ಮೇಲಕ್ಕೆ ಕಳಿಸುವುದು. ದುಡ್ಡು ಯಾವಾಗ ಬರುತ್ತೆ ಅನ್ನುವುದು ಡೈರಿಯ ಕೈಯಲ್ಲಿಲ್ಲ. ಆದರೆ ಜನ ದಿನಾ ಬೆಳಿಗ್ಗೆ ಕಾರ್ಯದರ್ಶಿಯನ್ನೇ ಕೇಳುತ್ತಾರೆ, ಸರ್ಕಾರದ್ದು ಬಂತಾ ಸ್ವಾಮಿ ಅಂತ. ನಮ್ಮ ಸಾಫ್ಟ್‌ವೇರ್ ಉತ್ತರ ಹೇಳಲಾಗದ ಪ್ರಶ್ನೆ ಯಾವುದು ಅನ್ನುವುದು ಆ ಹೊಡೆದುಹಾಕಿದ ಬಾಣದಿಂದ ಗೊತ್ತಾಯಿತು. ಗಡಿ ಎಲ್ಲಿ ಅಂತ ಇಷ್ಟು ಸ್ಪಷ್ಟವಾಗಿ ಹೇಳುವ ಚಿತ್ರ ನನಗೆ ಇನ್ನೊಂದು ಸಿಕ್ಕಿಲ್ಲ.

ಡಿಎಫ್‌ಡಿಯ ಇನ್ನೊಂದು ಗುಣ, ಅದು ಲೆಕ್ಕಪತ್ರ ನೋಡುವ ಆಡಿಟರ್ ಇದ್ದ ಹಾಗೆ. ಪ್ರತಿ ಪ್ರೋಸೆಸ್‌ಗೆ ಒಳಗೆ ಏನೋ ಬರಬೇಕು, ಹೊರಗೆ ಏನೋ ಹೋಗಬೇಕು. ಬರೀ ಒಳಗೆ ಬಂದು ಏನೂ ಹೊರಡದಿದ್ದರೆ ಅದನ್ನು ಬ್ಲ್ಯಾಕ್ ಹೋಲ್ ಅನ್ನುತ್ತಾರೆ. ನಮ್ಮ ಚಿತ್ರದಲ್ಲಿ 'ಗುಣಮಟ್ಟ ಪರೀಕ್ಷೆ' ಅನ್ನುವ ವೃತ್ತಕ್ಕೆ ಪ್ರತಿಯೊಬ್ಬರ ಹಾಲಿನ ಸ್ಯಾಂಪಲ್ ಹೋಗುತ್ತಿತ್ತು, ಫ್ಯಾಟ್ ಅಂಕಿ ಹೊರಬರುತ್ತಿತ್ತು. ಸರಿ, ಮಿಕ್ಕ ಸ್ಯಾಂಪಲ್ ಹಾಲು ಎಲ್ಲಿಗೆ ಹೋಯಿತು? ಡಿಎಫ್‌ಡಿಯಲ್ಲಿ ಹರಿಯುವುದು ಮಾಹಿತಿ, ಹಾಲಲ್ಲ, ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಆ ಪ್ರಶ್ನೆಯೇ ತಪ್ಪು. ಆದರೂ ಕೇಳಿದ್ದು ಒಳ್ಳೆಯದಾಯಿತು. ಸ್ಯಾಂಪಲ್ ಹಾಲನ್ನು ಒಟ್ಟು ಮಾಡಿ ಊರಲ್ಲೇ ಮಾರುತ್ತಾರೆ, ಅದರ ದುಡ್ಡು ಸಂಘದ ಆದಾಯ, ಅದಕ್ಕೆ ಬೇರೆ ಪುಸ್ತಕವೇ ಇದೆ. ನಮ್ಮ ಲೆಕ್ಕದಲ್ಲಿ ಆ ಪುಸ್ತಕ ಇರಲೇ ಇಲ್ಲ.

ಕಷ್ಟ ಏನಂದ್ರೆ, ಡಿಎಫ್‌ಡಿಗೆ ಹೊತ್ತು ಗೊತ್ತು ಅನ್ನುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ಅದು ಹೇಳುವುದೇ ಇಲ್ಲ. ನೋಡುವವರು ಬಾಣವನ್ನೇ ಕ್ರಮ ಅಂದುಕೊಂಡು ಫ್ಲೋಚಾರ್ಟ್ ಓದಿದ ಹಾಗೆ ಓದುತ್ತಾರೆ. ಜೊತೆಗೆ ಇಡೀ ಸಿಸ್ಟಮನ್ನು ಒಂದೇ ವೃತ್ತವಾಗಿ ತೋರಿಸುವ ಕಾಂಟೆಕ್ಸ್ಟ್ ಡಯಾಗ್ರಾಮ್‌ಗೆ, ಅದನ್ನು ಬಿಡಿಸಿ ತೋರಿಸುವ ಲೆವೆಲ್ ಒಂದರಲ್ಲಿ ಹೊರಗಿನವರಿಂದ ಬರುವ, ಹೊರಗಿನವರಿಗೆ ಹೋಗುವ ಬಾಣಗಳೆಲ್ಲ ಹೊಂದಬೇಕು, ಒಂದು ಕಡೆ ಬದಲಾಯಿಸಿದರೆ ಇನ್ನೊಂದು ಕಡೆಯೂ ಬದಲಾಯಿಸಬೇಕು. ಹೀಗೆ ಮೂರು ವಾರ ಹೋಯಿತು.

ಆಮೇಲೆ ಯುಎಂಎಲ್. ಬೂಚ್, ರಂಬಾ, ಜೇಕಬ್‌ಸನ್ ಮೂವರೂ ತಮ್ಮ ತಮ್ಮ ಪದ್ಧತಿಗಳನ್ನು ಒಟ್ಟು ಸೇರಿಸಿ ಮಾಡಿದ್ದು, 1997ರಲ್ಲಿ ಒಎಂಜಿ ಅನ್ನುವ ಸಂಸ್ಥೆ ಅದನ್ನು ಮಾನದಂಡ ಅಂತ ಒಪ್ಪಿಕೊಂಡಿತು. ಯುಎಂಎಲ್ 2.5ರ ಪ್ರಕಾರ 14 ಬಗೆಯ ಚಿತ್ರಗಳಿವೆ. ಲ್ಯಾಬ್ ರೆಕಾರ್ಡ್‌ಗೆ ನಾವು ಒಂಬತ್ತು ಬಿಡಿಸಿದೆವು. ಕೆಲಸಕ್ಕೆ ಬಂದದ್ದು ಎರಡು.

ಯಾರು ಸಿಸ್ಟಮ್‌ನಲ್ಲಿ ಏನು ಕೆಲಸ ಮಾಡಿಸಿಕೊಳ್ಳುತ್ತಾರೆ ಅಂತ ತೋರಿಸುವ ಯೂಸ್ ಕೇಸ್ ಡಯಾಗ್ರಾಮ್ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ, ಬೇಜಾರಾಗಬೇಡಿ. ಕಡ್ಡಿ ಮನುಷ್ಯ, ಪಕ್ಕದಲ್ಲಿ ಮೊಟ್ಟೆ, ಮೊಟ್ಟೆಯೊಳಗೆ 'ಹಾಲು ದಾಖಲಿಸು'. ಇದು ಯಾರಿಗೆ ಗೊತ್ತಿರಲಿಲ್ಲ? ಇನ್‌ಕ್ಲೂಡ್ (ಪ್ರತಿ ಸಲ ಸೇರಲೇಬೇಕಾದ ಕೆಲಸ) ಬಾಣ ಮುಖ್ಯ ಯೂಸ್ ಕೇಸ್‌ನಿಂದ ಹೊರಡುತ್ತೆ, ಎಕ್ಸ್‌ಟೆಂಡ್ (ಕೆಲವು ಸಲ ಮಾತ್ರ ಸೇರುವ ಕೆಲಸ) ಬಾಣ ಮುಖ್ಯ ಯೂಸ್ ಕೇಸ್‌ನ ಕಡೆಗೆ ಬರುತ್ತೆ, ಇದೊಂದನ್ನು ವೈವಾದಲ್ಲಿ ಕೇಳಿಯೇ ಕೇಳುತ್ತಾರೆ, ಅಷ್ಟಕ್ಕೆ ಕಲಿತಿಟ್ಟುಕೊಳ್ಳಿ. ಚಿತ್ರದ ಜೊತೆ ಹಂತ ಹಂತವಾಗಿ ಬರೆಯುವ ವಿವರಣೆ ಇದೆಯಲ್ಲ, ನಿಜವಾದ ಸತ್ವ ಅದರಲ್ಲಿದೆ, ಅದನ್ನು ಬರೆಯಲು ಮಾತ್ರ ಎಲ್ಲರಿಗೂ ಸೋಮಾರಿತನ.

ಕ್ಲಾಸ್ ಡಯಾಗ್ರಾಮ್ ಬೇರೆಯೇ ಜಾತಿ, ಯಾವ ಯಾವ ಬಗೆಯ ವಸ್ತುಗಳಿವೆ, ಅವುಗಳ ನಡುವೆ ಏನು ಸಂಬಂಧ ಅಂತ ತೋರಿಸುತ್ತೆ. ಉತ್ಪಾದಕ, ಹಾಲಿನ ದಾಖಲೆ, ದರಪಟ್ಟಿ, ಬಟವಾಡೆ ಅಂತ ನಾಲ್ಕು ಡಬ್ಬಿ ಹಾಕಿ ಗೆರೆ ಎಳೆದೆವು. ಗೆರೆಯ ತುದಿಗೆ ಒಂದಕ್ಕೆ ಎಷ್ಟು ಅಂತ ಅಂಕಿ ಬರೆಯಲೇಬೇಕು, ಅಲ್ಲೇ ಸಿಕ್ಕಿಬಿದ್ದೆವು. ಡೈರಿಗೆ ದರಪಟ್ಟಿ ಒಂದೋ ಹಲವೋ? ಗೋಡೆಗೆ ಅಂಟಿಸಿದ್ದು ಒಂದೇ, ಹಾಗಾಗಿ ಒಂದು ಅಂತ ಬರೆದಿದ್ದೆವು. ಗೆಳೆಯನೊಬ್ಬ ಕೇಳಿದ, ಬಟವಾಡೆ ಅವಧಿಯ ನಡುವೆ ದರ ಬದಲಾದರೆ? ಹಳೇ ದಿನಗಳ ಹಾಲಿಗೆ ಹಳೇ ದರ, ಹೊಸ ದಿನಗಳಿಗೆ ಹೊಸ ದರ ಹಾಕಬೇಕು. ಅಂದರೆ ಪ್ರತಿ ದರಪಟ್ಟಿಗೂ ಯಾವ ದಿನದಿಂದ ಜಾರಿ ಅನ್ನುವ ತಾರೀಕು ಬೇಕು, ಹಳೇದನ್ನು ಅಳಿಸುವ ಹಾಗಿಲ್ಲ. ಮೂರು ವಾರ ಡಿಎಫ್‌ಡಿ ಎಳೆದಾಗ ಇದು ಹೊಳೆದಿರಲಿಲ್ಲ, ಯಾಕಂದ್ರೆ ಅಲ್ಲಿ 'ದರಪಟ್ಟಿ' ಅಂತ ಒಂದು ಡೇಟಾ ಸ್ಟೋರ್ (ಮಾಹಿತಿ ಇಡುವ ಜಾಗ) ಹಾಕಿ ಮುಂದೆ ಹೋಗಿದ್ದೆವು.

ಇನ್ನೊಂದು ಸ್ಟೇಟ್ ಡಯಾಗ್ರಾಮ್. ಹಾಲಿನ ಕ್ಯಾನು ಯಾವ ಯಾವ ಸ್ಥಿತಿಯಲ್ಲಿರಬಹುದು ಅಂತ ಬಿಡಿಸುವಾಗ 'ಹಾಲು ಒಡೆದು ವಾಪಸ್ ಬಂದದ್ದು' ಅನ್ನುವ ಸ್ಥಿತಿಯೂ ಬಂತು. ಅಷ್ಟು ಹೊತ್ತಿಗೆ ಉತ್ಪಾದಕರ ಕೈಗೆ ಚೀಟಿ ಹೋಗಿಯಾಗಿರುತ್ತೆ. ನಷ್ಟ ಯಾರದ್ದು? ನಮಗೆ ಉತ್ತರ ಗೊತ್ತಿರಲಿಲ್ಲ, ಹೋಗಿ ಕೇಳಬೇಕಾಯಿತು. ಹೀಗೆ ಕೇಳಲು ಓಡಿಸುವ ಚಿತ್ರವೇ ಒಳ್ಳೆಯ ಚಿತ್ರ ಅನ್ನುವುದು ನನ್ನ ಅಳತೆಗೋಲು. ಆ ಅಳತೆಯಲ್ಲಿ ನಮ್ಮ ಸೀಕ್ವೆನ್ಸ್, ಆಕ್ಟಿವಿಟಿ, ಡಿಪ್ಲಾಯ್‌ಮೆಂಟ್ ಚಿತ್ರಗಳೆಲ್ಲ ಫೇಲ್. ಅವು ನಮ್ಮನ್ನು ಎಲ್ಲಿಗೂ ಓಡಿಸಲಿಲ್ಲ, ಪುಟ ತುಂಬಿಸಿದವು.

ಇಷ್ಟೆಲ್ಲ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿ ಡೈರಿಗೆ ತಗೊಂಡು ಹೋದರೆ ಕಾರ್ಯದರ್ಶಿ ಎರಡು ಪುಟ ತಿರುವಿ, ಚೆನ್ನಾಗಿದೆ ಕಣ್ರಪ್ಪಾ, ಕಾಫಿ ಕುಡೀರಿ ಅಂದರು. ಮುಗೀತು.

ಮುಂದಿನ ವಾರ ನಾಲ್ಕು ಎ4 ಹಾಳೆ, ಪೆನ್ಸಿಲ್, ರಬ್ಬರ್ ಅಷ್ಟೇ ಹಿಡಿದು ಹೋದೆವು. ಕಂಪ್ಯೂಟರ್ ಸ್ಕ್ರೀನ್ ಹೀಗಿರುತ್ತೆ ಅಂತ ಬಿಡಿಸಿ ಮುಂದಿಟ್ಟು, ಸಾರ್, ಈಗ ನಾನು ಹಾಲು ತಂದಿದ್ದೇನೆ ಅಂತ ತಿಳ್ಕೊಳ್ಳಿ, ನೀವು ಏನು ಒತ್ತುತ್ತೀರಾ ಅಂತ ಕೇಳಿದೆವು. ಕಾಫಿ ಪಕ್ಕಕ್ಕೆ ಹೋಯಿತು. ಮನುಷ್ಯ ತಮ್ಮ ನೀಲಿ ಪೆನ್ನು ತೆಗೆದು ನಮ್ಮ ಹಾಳೆಯ ಮೇಲೇ ಗೀಚತೊಡಗಿದರು. ಹೆಸರು ಟೈಪ್ ಮಾಡೋಕೆ ಟೈಮ್ ಎಲ್ಲಿದೆ, ಹೊರಗೆ ನಲವತ್ತು ಜನ ಕ್ಯೂ ನಿಂತಿರ್ತಾರೆ, ನಂಬರ್ ಒತ್ತಿದರೆ ಹೆಸರು ಬರಬೇಕು. ತಾರೀಕು ಯಾಕೆ ಕೇಳುತ್ತೆ, ಇವತ್ತಿನದು ಅದಕ್ಕೆ ಗೊತ್ತಿಲ್ವಾ? ಎಷ್ಟು ಸಲೀಸಾಗಿ ಮಾತು ಬಂತು ಅಂದರೆ, ಕೊನೆಗೆ ಡ್ರಾಯರ್‌ನಿಂದ ಒಂದು ಸಣ್ಣ ನೋಟ್‌ಬುಕ್ಕೂ ಹೊರಗೆ ಬಂತು. ಸದಸ್ಯರಲ್ಲದವರು ನೆಂಟರ, ಪಕ್ಕದ ಮನೆಯವರ ನಂಬರಿಗೆ ಹಾಲು ಹಾಕುತ್ತಾರೆ, ಯಾರದ್ದು ಎಷ್ಟು ಅನ್ನುವ ಒಳಲೆಕ್ಕ ಅದರಲ್ಲಿದೆ. ಮೂರು ಸಲ ಇಂಟರ್‌ವ್ಯೂ ಮಾಡಿದ್ದೆವು, ಇಪ್ಪತ್ತು ಪ್ರಶ್ನೆಗಳ ಪಟ್ಟಿ ಇಟ್ಟುಕೊಂಡು. ಈ ನೋಟ್‌ಬುಕ್ಕಿನ ಸುದ್ದಿ ಆಗ ಬಂದಿರಲಿಲ್ಲ.

ಆದರೂ ಪೆನ್ಸಿಲ್ಲಿಗೆ ಪೂರ್ತಿ ಮಾರ್ಕ್ಸ್ ಕೊಡಲಾರೆ. ಸ್ಕ್ರೀನ್‌ನಲ್ಲಿ ಕಾಣದ್ದು ಯಾವುದೂ ಅದರಲ್ಲಿ ಬರುವುದಿಲ್ಲ. ಪಶು ಆಹಾರದ ಸಾಲ ಬಟವಾಡೆಗಿಂತ ಜಾಸ್ತಿ ಇದ್ದರೆ ಏನು ಮಾಡಬೇಕು ಅನ್ನುವುದು ಯಾವ ಹಾಳೆಯಲ್ಲೂ ಕಾಣಲಿಲ್ಲ, ಡಿಎಫ್‌ಡಿಯಲ್ಲಿ ಮೊದಲೇ ಸಿಕ್ಕಿತ್ತು. ಇನ್ನೊಂದು ತೊಂದರೆ, ಸ್ಕ್ರೀನ್ ನೋಡಿದ ಮೇಲೆ ಅವರಿಗೆ ಸಾಫ್ಟ್‌ವೇರ್ ರೆಡಿ ಇದೆ ಅನ್ನಿಸಿಬಿಟ್ಟಿತು. ಯಾವಾಗ ಹಾಕಿಕೊಡ್ತೀರಾ ಅಂತ ಕೇಳಿದಾಗ ನಾವು ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾರ್ಕ್ಸ್ ವಿಷಯದಲ್ಲೂ ಅಷ್ಟೇ, ಆ ನೀಲಿ ಪೆನ್ನಿನ ಹಾಳೆಗಳನ್ನು ರಿಪೋರ್ಟಿಗೆ ಸೇರಿಸಿದರೆ ಹೊರಗಿನ ಎಕ್ಸಾಮಿನರ್ ಇದೇನ್ರೀ ರಫ್ ವರ್ಕ್ ಅಂದರು.

ಚಿತ್ರ ಬಿಡಿಸುವ ಟೂಲ್‌ಗಳ ಬಗ್ಗೆ ಎರಡು ಮಾತು. ಡ್ರಾ.ಐಒ ಪುಕ್ಕಟೆ, ಬ್ರೌಸರ್‌ನಲ್ಲೇ ನಡೆಯುತ್ತೆ, ಡಿಎಫ್‌ಡಿಗೆ ಸಾಕು, ಆದರೆ ನೀವು ತಪ್ಪು ಬಾಣ ಎಳೆದರೂ ಅದು ಸುಮ್ನೆ ಇರುತ್ತೆ. ಸ್ಟಾರ್‌ಯುಎಂಎಲ್‌ನಲ್ಲಿ ಚಿತ್ರ ಅಂದವಾಗಿ ಬರುತ್ತೆ. ಅಂದಕ್ಕೆ ಮರುಳಾಗಿ ಎರಡು ರಾತ್ರಿ ಡಬ್ಬಿಗಳ ಬಣ್ಣ ಹೊಂದಿಸಿದೆವು, ಆಗಿನ್ನೂ ದರಪಟ್ಟಿಯ ತಾರೀಕೇ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಪ್ಲಾಂಟ್‌ಯುಎಂಎಲ್ ನನಗೆ ಹಿಡಿಸಿತು. ಸಾಲು ಸಾಲಾಗಿ ಬರೆದರೆ ಚಿತ್ರ ತಾನೇ ಬರುತ್ತೆ, ಡಬ್ಬಿಯನ್ನು ಎಲ್ಲಿ ಇಡಬೇಕು ಅನ್ನುವುದು ಬಹುಪಾಲು ನಮ್ಮ ಕೈಯಲ್ಲಿ ಇಲ್ಲ, ಅದೇ ಅದರ ಉಪಕಾರ.

ಈಗ ಇನ್ನೊಮ್ಮೆ ಮಾಡುವುದಾದರೆ ನಾವು ಹೋದ ದಾರಿಯನ್ನು ತಿರುಗಿಸುತ್ತೇನೆ. ಮೊದಲ ದಿನವೇ ಪೆನ್ಸಿಲ್ ಹಾಳೆ, ಅದೂ ಬೆಳಿಗ್ಗೆ ಹಾಲು ಹಾಕುವ ಹೊತ್ತಿನಲ್ಲಲ್ಲ, ಹತ್ತು ಗಂಟೆ ಮೇಲೆ ಜನ ಕರಗಿದಾಗ. ಆಮೇಲೆ ಕಾಂಟೆಕ್ಸ್ಟ್ ಡಯಾಗ್ರಾಮ್ ಮತ್ತು ಒಂದೇ ಲೆವೆಲ್ ಡಿಎಫ್‌ಡಿ. ಅದಾದ ಮೇಲೆ ಕ್ಲಾಸ್ ಡಯಾಗ್ರಾಮ್. ಮಿಕ್ಕ ಚಿತ್ರಗಳನ್ನು ರೆಕಾರ್ಡ್ ಸಬ್ಮಿಷನ್ ಹಿಂದಿನ ರಾತ್ರಿ ಬಿಡಿಸಿದರೂ ನಡೆಯುತ್ತೆ, ಎಲ್ಲರೂ ಮಾಡುವುದು ಅದನ್ನೇ ಅಲ್ವಾ.

ಆ ಸಣ್ಣ ನೋಟ್‌ಬುಕ್ಕನ್ನು ಮಾತ್ರ ನಾವು ರಿಪೋರ್ಟಿನಲ್ಲಿ ಹಾಕಲಿಲ್ಲ. ಹಾಕಬೇಡಿ ಅಂತ ಅವರೇನೂ ಹೇಳಿರಲಿಲ್ಲ. ಆದರೆ ನಮ್ಮ ಮನೆಯ ನಂಬರಿನ ಎದುರಿಗೂ ಎರಡು ಹೆಸರು ಇದ್ದವು.