ವರ್ಸಸ್ ಸೀಕರ್ ಕೈಯಲ್ಲಿದ್ದರೆ ಜೋಯಿಯ ಫೋನ್ ಯಾರಿಗೆ ಬೇಕು?

ಪೋಕೆಮಾನ್ ವಿಡಿಯೋ ಗೇಮ್‌ಗಳಲ್ಲಿ ಒಮ್ಮೆ ಸೋತ ಟ್ರೇನರ್, ಅಂದರೆ ತನ್ನ ಪೋಕೆಮಾನ್‌ಗಳನ್ನು ಕಾದಾಡಲು ಬಿಡುವ ಎದುರಾಳಿ, ಸುಮ್ಮನೆ ಮತ್ತೆ ಆಡಲು ಬರುವುದಿಲ್ಲ. ದಾರಿಯಲ್ಲಿ ನಿಂತು ಅದೇ ಎರಡು ಸಾಲು ಒಪ್ಪಿಸುತ್ತಾನೆ, ಅಷ್ಟೇ. ಅವನನ್ನು ಇನ್ನೊಮ್ಮೆ ಕೆಣಕಬೇಕು ಎಂದರೆ ಒಂದೊಂದು ಗೇಮ್‌ನಲ್ಲಿ ಒಂದೊಂದು ದಾರಿ. ಫೋನ್ ಹಚ್ಚುವುದು, ಮ್ಯಾಚ್ ಕಾಲ್ ಅನ್ನುವ ಪಟ್ಟಿ, ಸೋತವರನ್ನು ಮತ್ತೆ ಆಟಕ್ಕೆ ಕರೆಯುವ ವರ್ಸಸ್ ಸೀಕರ್ ಅನ್ನುವ ಸಾಧನ, ಮೂರನ್ನೂ ಆಡಿ ನೋಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನನ್ನ ವೋಟು ಸೀಕರ್‌ಗೆ. ಮುಂದಿನದೆಲ್ಲ ಯಾಕೆ ಅನ್ನುವುದರ ವಿವರ, ಜೊತೆಗೆ ಅದರ ಮೇಲೂ ಇರುವ ನನ್ನ ಒಂದು ದೊಡ್ಡ ಸಿಟ್ಟು.

ಶುರುವಾದದ್ದು ಒಂದು ಕೆಟ್ಟ ಖರೀದಿಯಿಂದ. ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಹಳೇ ಪೋಕೆಮಾನ್ ಸಿಲ್ವರ್ ಗೇಮ್‌ನ ಕಾರ್ಟ್ರಿಡ್ಜ್ ತಗೊಂಡೆ. ಟ್ರೇನರ್‌ಗಳ ನಂಬರ್ ತಗೊಂಡು ಅವರ ಜೊತೆ ಮತ್ತೆ ಮತ್ತೆ ಆಡಬಹುದು ಅನ್ನುವುದು 1999ರ ಗೋಲ್ಡ್ ಮತ್ತು ಸಿಲ್ವರ್‌ನಲ್ಲೇ ಬಂದದ್ದು, ಅದನ್ನು ಮೂಲ ರೂಪದಲ್ಲೇ ನೋಡಬೇಕು ಅಂತ ಆಸೆ. ರಾತ್ರಿ ಎರಡು ಗಂಟೆ ಆಡಿದೆ, ಸೇವ್ ಮಾಡಿದೆ, ಮಲಗಿದೆ. ಬೆಳಿಗ್ಗೆ ಆನ್ ಮಾಡಿದರೆ ಮೆನುವಿನಲ್ಲಿ ಕಂಟಿನ್ಯೂ ಅನ್ನುವುದೇ ಇಲ್ಲ. ಆ ಕಾರ್ಟ್ರಿಡ್ಜ್‌ನಲ್ಲಿ ಗಡಿಯಾರ ನಡೆಸುವುದೂ ಸೇವ್ ಉಳಿಸುವುದೂ ಒಂದೇ ಬಟನ್ ಸೆಲ್. ಅದು ಸತ್ತರೆ ಎರಡೂ ಸತ್ತ ಹಾಗೆ. ಮಾರಿದವರು ಚೆನ್ನಾಗಿ ಓಡುತ್ತೆ ಅಂದಿದ್ದರು, ಓಡಿದ್ದು ನಿಜ, ನಿಂತ ಮೇಲೆ ನೆನಪು ಉಳಿಯಲಿಲ್ಲ ಅಷ್ಟೇ. ಸೆಲ್ ಬೆಸುಗೆ ಹಾಕಿ ಕೂರಿಸಿರುತ್ತಾರೆ, ಬದಲಾಯಿಸುವ ಧೈರ್ಯ ನನಗಿರಲಿಲ್ಲ. ಆ ಎರಡು ಗಂಟೆಯಲ್ಲಿ ಕಂಡ ಇನ್ನೊಂದು ತೊಂದರೆ ಎಂದರೆ ಫೋನ್‌ನಲ್ಲಿ ಹಿಡಿಸುವುದು ಹತ್ತೇ ನಂಬರ್. ಅದರಲ್ಲೂ ಕಥೆಯಲ್ಲಿ ಬರುವ ಅಮ್ಮ ಮತ್ತು ಪ್ರೊಫೆಸರ್ ಎಲ್ಮ್ ಎರಡು ಜಾಗ ಹಿಡಿದು ಕೂತಿರುತ್ತಾರೆ, ಅವರನ್ನು ತೆಗೆಯುವ ಹಾಗಿಲ್ಲ.

ಹಾಗಾಗಿ ಅದರದೇ ರೀಮೇಕ್, 2009ರ ಹಾರ್ಟ್‌ಗೋಲ್ಡ್‌ಗೆ ಹೋದೆ. ಹತ್ತು ನಂಬರಿನ ಕಾಟ ಇಲ್ಲಿಲ್ಲ. ಆದರೆ ಒಬ್ಬೊಬ್ಬ ಟ್ರೇನರ್‌ಗೂ ಅವನದೇ ದಿನ, ಅವನದೇ ಹೊತ್ತು. ಸರಿಯಾದ ವಾರ, ಸರಿಯಾದ ವೇಳೆಗೆ ಫೋನ್ ಮಾಡಿದರೆ ಬಾ ಅಂತಾನೆ. ಬೇರೆ ಹೊತ್ತಲ್ಲಿ ಮಾಡಿದರೆ ಹರಟೆ. ನಾನು ಆಡುವುದು ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ. ಬೆಳಗಿನ ಟ್ರೇನರ್ ಯಾರೂ ನನಗೆ ಸಿಗುವುದೇ ಇಲ್ಲ. ಗೇಮ್‌ನ ಗಡಿಯಾರಕ್ಕೆ ನಾನು ರಜೆ ಹಾಕಬೇಕಾ?

ಇನ್ನು ಅವರೇ ಮಾಡುವ ಕರೆಗಳು. ರೂಟ್ 30ರ ಜೋಯಿ ಗೊತ್ತಲ್ವಾ, ರಟಾಟಾ ಅನ್ನುವ ತನ್ನ ಪೋಕೆಮಾನ್ ಬಗ್ಗೆ ಫೋನ್ ಮಾಡಿ ಮಾಡಿ ಕೊರೆಯುವ ಹುಡುಗ. ಮೊದಲ ಸಲ ನಗು ಬಂತು. ನಾಲ್ಕನೇ ಸಲ ಬ್ಯಾಗ್‌ನಲ್ಲಿ ಪೋಶನ್ ಖಾಲಿ, ತಂಡದಲ್ಲಿ ಇಬ್ಬರು ಮಲಗಿದ್ದಾರೆ, ನಾನು ಅವರನ್ನು ಗುಣಪಡಿಸುವ ಪೋಕೆಮಾನ್ ಸೆಂಟರ್ ಕಡೆ ಓಡುತ್ತಿದ್ದೇನೆ, ಟ್ರಿಂಗ್ ಟ್ರಿಂಗ್. ಎ ಒತ್ತು, ಎ ಒತ್ತು, ಮತ್ತೆ ಎ ಒತ್ತು. ರಟಾಟಾ ಚೆನ್ನಾಗಿದೆಯಂತೆ, ಸಂತೋಷ.

ಆದರೂ ಹಾರ್ಟ್‌ಗೋಲ್ಡ್‌ನಲ್ಲಿ ಒಂದು ವಿಷಯ ಒಪ್ಪಲೇಬೇಕು. ಜಿಮ್ ಲೀಡರ್‌ಗಳ, ಅಂದರೆ ಒಂದೊಂದು ಊರಿನ ದೊಡ್ಡ ಟ್ರೇನರ್‌ಗಳ, ನಂಬರ್ ಸಿಕ್ಕಿದರೆ ಸ್ಯಾಫ್ರನ್ ಸಿಟಿಯ ಫೈಟಿಂಗ್ ಡೋಜೋಗೆ ಕರೆಸಿ ಅವರ ಜೊತೆಯೇ ಇನ್ನೊಮ್ಮೆ ಆಡಬಹುದು. ಸೀಕರ್‌ಗೆ ಈ ಕೆಲಸ ಆಗಲ್ಲ.

ಎಮರಾಲ್ಡ್ ಅನ್ನುವ ಇನ್ನೊಂದು ಪೋಕೆಮಾನ್ ಗೇಮ್ ಅನ್ನು ಸ್ನೇಹಿತನ ಹತ್ತಿರ ಸಾಲ ತಂದು ಆಡಿದೆ. ಇದರ ಮ್ಯಾಚ್ ಕಾಲ್ ನಿಜಕ್ಕೂ ಅಚ್ಚುಕಟ್ಟು: ಪಟ್ಟಿ ತೆರೆದರೆ ಯಾರು ಆಡಲು ಸಿದ್ಧ ಇದ್ದಾರೋ ಅವರ ಹೆಸರಿನ ಪಕ್ಕ ಪುಟ್ಟ ಪೋಕೆ ಬಾಲ್ ಗುರುತು. ಚಾಂಪಿಯನ್ ಆದ ಮೇಲೆ ಜಿಮ್ ಲೀಡರ್‌ಗಳೂ ಮತ್ತೆ ಬರುತ್ತಾರೆ, ಅದೂ ಎರಡೆರಡು ಪೋಕೆಮಾನ್ ಒಟ್ಟಿಗೆ ಕಾದಾಡುವ ಡಬಲ್ ಬ್ಯಾಟಲ್‌ಗೆ. ಏನು ತೊಂದರೆ ಎಂದರೆ ಆ ಗುರುತು ಯಾವಾಗ ಬೀಳುತ್ತದೋ ಅದು ಗೇಮ್‌ನ ಇಷ್ಟ. ಒಬ್ಬ ಸಮುದ್ರದ ಈ ಕಡೆ, ಇನ್ನೊಬ್ಬ ಆ ಕಡೆ. ಹಾರಿ ಹೋಗಿ, ಸರ್ಫ್ ಮಾಡಿ, ದಾರಿಯಲ್ಲಿ ಹತ್ತು ಟೆಂಟಾಕೂಲ್ ತಳ್ಳಿ ಅವನ ಮುಂದೆ ನಿಂತರೆ ಒಂದು ಮ್ಯಾಚ್. ನನ್ನ ಅರ್ಧ ಗಂಟೆ ಅಲ್ಲಿಗೇ ಮುಗಿಯಿತು.

ಈಗ ಸೀಕರ್. ಇದು ಮೊದಲು ಬಂದದ್ದು 2004ರ ಫೈರ್‌ರೆಡ್, ಲೀಫ್‌ಗ್ರೀನ್‌ನಲ್ಲಿ. ಅಲ್ಲಿ ವರ್ಮಿಲಿಯನ್ ಸಿಟಿಯ ಪೋಕೆಮಾನ್ ಸೆಂಟರ್‌ನಲ್ಲಿ ಒಬ್ಬಾಕೆ ಕೊಡುತ್ತಾಳೆ. ನಾನು ಹೆಚ್ಚು ಬಳಸಿದ್ದು ಪ್ಲಾಟಿನಂ ಅನ್ನುವ ಡಿಎಸ್ ಗೇಮ್‌ನಲ್ಲಿ, ಅಲ್ಲಿ ರೂಟ್ 207ರಲ್ಲೇ ಪುಕ್ಕಟೆ ಕೈಗೆ ಬರುತ್ತದೆ. 100 ಹೆಜ್ಜೆ ನಡೆದರೆ ಚಾರ್ಜ್ ತುಂಬುತ್ತದೆ. ಒತ್ತಿದರೆ ಪರದೆಯ ಮೇಲೆ ಕಾಣುವ, ಈಗಾಗಲೇ ಸೋತಿರುವ ಟ್ರೇನರ್‌ಗಳಲ್ಲಿ ಕೆಲವರು ಒಪ್ಪುತ್ತಾರೆ, ತಲೆ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಮೂಡುತ್ತದೆ. ಒಪ್ಪದವರಿಗೆ ಇನ್ನೊಂದು ನೂರು ಹೆಜ್ಜೆ. ದಿನ ಬೇಡ, ವಾರ ಬೇಡ, ಅವನ ಮೂಡ್ ನೋಡಿ ಫೋನ್ ಮಾಡುವುದೂ ಬೇಡ. ಕಥೆ ಮುಂದೆ ಹೋದಂತೆ ಅವರ ತಂಡವೂ ಗಟ್ಟಿಯಾಗುತ್ತದೆ, ಹಾಗಾಗಿ ಲೆವೆಲ್ ಹತ್ತರ ಬಿಡೂಫ್‌ನಂಥ ಪುಟ್ಟ ಪೋಕೆಮಾನ್‌ಗಳನ್ನೇ ಹೊಡೆಯುತ್ತಾ ಕೂರಬೇಕಾಗಿಲ್ಲ.

ನನ್ನ ಜಾಗ ರೂಟ್ 212ರ ಮೇಲ್ಭಾಗ, ಪೋಕೆಮಾನ್ ಮ್ಯಾನ್ಶನ್ ಇರುವ ಕಡೆ. ಅಲ್ಲಿ ನಿಂತಿರುವವರು ಸಿರಿವಂತರು. ಬಹುಮಾನದ ದುಡ್ಡು ಟ್ರೇನರ್‌ನ ವರ್ಗ ಮತ್ತು ಅವನ ಕೊನೆಯ ಪೋಕೆಮಾನ್‌ನ ಲೆವೆಲ್ ಮೇಲೆ ಹೋಗುತ್ತದೆ, ಹಾಗಾಗಿ ಬಡ ಮೀನುಗಾರನನ್ನು ಹತ್ತು ಸಲ ಸೋಲಿಸುವುದಕ್ಕಿಂತ ಇಲ್ಲಿ ಒಬ್ಬ ಸಾಹುಕಾರನನ್ನು ಹಿಡಿಯುವುದು ವಾಸಿ. ಮೊದಲು ಕಳಿಸುವ ಪೋಕೆಮಾನ್‌ಗೆ ಅಮ್ಯುಲೆಟ್ ಕಾಯಿನ್ ಕೊಟ್ಟರೆ ಅದೂ ದುಪ್ಪಟ್ಟು.

ಈಗ ಆ ಸಿಟ್ಟಿನ ವಿಷಯ. ವೈ ಬಟನ್.

ಪ್ಲಾಟಿನಂನಲ್ಲಿ ವೈ ಬಟನ್‌ಗೆ ಸೈಕಲ್, ಸೀಕರ್‌ನಂಥ ಕೀ ಐಟಂ ಒಂದೇ ಒಂದು ಹಾಕಿಟ್ಟುಕೊಳ್ಳಬಹುದು. ನೂರು ಹೆಜ್ಜೆ ಬೇಗ ಮುಗಿಯಬೇಕಾದರೆ ಸೈಕಲ್ ಬೇಕು. ಸೈಕಲ್ ವೈಗೆ ಹಾಕಿದರೆ ಸೀಕರ್ ಒತ್ತಲು ಪ್ರತಿ ಸಲ ಎಕ್ಸ್, ಬ್ಯಾಗ್, ಕೀ ಐಟಂ ಪಾಕೆಟ್, ಕೆಳಗೆ ಕೆಳಗೆ ಕೆಳಗೆ, ಯೂಸ್. ಸೀಕರ್ ಹಾಕಿದರೆ ಸೈಕಲ್ ಹತ್ತಲು ಅದೇ ಯಾತ್ರೆ. ಎರಡೂ ಒಂದು ಜೋಡಿ ಚಪ್ಪಲಿ ಇದ್ದ ಹಾಗೆ, ಒಂದನ್ನು ಮಾತ್ರ ಬಾಗಿಲಲ್ಲಿ ಬಿಡಬಹುದು ಅಂದರೆ ಹೇಗೆ?

ಮೊದಲ ವಾರ ಸೈಕಲ್ ವೈನಲ್ಲಿಟ್ಟೆ. ಕಾಡು ಪೋಕೆಮಾನ್ ಅಡ್ಡ ಬರದಂತೆ ಹುಲ್ಲಿಲ್ಲದ ದಾರಿ ನೋಡಿ ಮೇಲೆ ಕೆಳಗೆ ಓಡಿಸಿದೆ, ಅಂದಾಜಿನಲ್ಲಿ ನಿಲ್ಲಿಸಿ ಬ್ಯಾಗ್ ತೆರೆದು ಸೀಕರ್ ಒತ್ತಿದೆ. ಚಾರ್ಜ್ ಸಾಲದು, ಇನ್ನು ಮೂರು ಹೆಜ್ಜೆ ಬೇಕು ಅಂತು! ಮೂರು! ಬ್ಯಾಗ್ ಮುಚ್ಚು, ಮೂರು ಹೆಜ್ಜೆ ಇಡು, ಬ್ಯಾಗ್ ತೆರೆ, ಪಾಕೆಟ್ ಹುಡುಕು. ಚಾರ್ಜ್ ಎಷ್ಟಾಗಿದೆ ಅಂತ ಪರದೆ ಮೇಲೆ ತೋರಿಸುವುದೇ ಇಲ್ಲ, ಒತ್ತಿದ ಮೇಲೆ ಮಾತ್ರ ಹೇಳುತ್ತದೆ. ಎರಡನೇ ವಾರ ಸೀಕರ್ ವೈನಲ್ಲಿಟ್ಟು ಸೈಕಲ್ ಬಿಟ್ಟೆ, ಬಿ ಒತ್ತಿ ಓಡಿದೆ. ನಿಧಾನ ಹೌದು, ಆದರೆ ಮನಸ್ಸಿಗೆ ನೆಮ್ಮದಿ. ಬೇಕಾದಾಗ ವೈ ತಟ್ಟಿ ನೋಡುತ್ತೇನೆ, ಹನ್ನೊಂದು ಬಾಕಿ ಅಂದರೆ ಹನ್ನೊಂದು ಓಡುತ್ತೇನೆ. ಮೀನು ಹಿಡಿಯುವ ರಾಡ್‌ಗೂ ಇದೇ ವೈ ಬೇಕು, ಅದನ್ನು ನಾನು ಲೆಕ್ಕಕ್ಕೇ ಇಟ್ಟಿಲ್ಲ.

2021ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂದ ಬ್ರಿಲಿಯಂಟ್ ಡೈಮಂಡ್‌ನಲ್ಲಿ ಇದನ್ನು ಸರಿ ಮಾಡಿದ್ದಾರೆ. ಪ್ಲಸ್ ಬಟನ್‌ಗೆ ನಾಲ್ಕು ಐಟಂ ಹಾಕಬಹುದು, ಸೈಕಲ್ ಒಂದು ಕಡೆ, ಸೀಕರ್ ಇನ್ನೊಂದು ಕಡೆ. ಸ್ವಿಚ್ ಇರುವವರು ಬೇರೆ ಯೋಚನೆ ಮಾಡದೆ ಅದನ್ನೇ ತಗೊಳ್ಳಿ. ಆದರೆ ಅದರಲ್ಲಿ ಎಕ್ಸ್‌ಪಿ, ಅಂದರೆ ಲೆವೆಲ್ ಏರಿಸುವ ಅನುಭವದ ಅಂಕ, ಇಡೀ ತಂಡಕ್ಕೆ ಹಂಚಿ ಹೋಗುತ್ತದೆ, ಆಫ್ ಮಾಡುವ ಹಾಗಿಲ್ಲ, ಹಾಗಾಗಿ ಸೀಕರ್ ಹಿಡಿದು ಒಂದೇ ಪೋಕೆಮಾನ್ ಬೆಳೆಸುವ ಖುಷಿ ಸ್ವಲ್ಪ ಕಡಿಮೆ. ನನ್ನ ಹತ್ತಿರ ಸ್ವಿಚ್ ಇಲ್ಲ, ಬರೀ ಇದಕ್ಕೋಸ್ಕರ ಕೊಳ್ಳುವ ಬಜೆಟ್ಟೂ ಇಲ್ಲ. ತಮ್ಮನದರಲ್ಲಿ ಆಡಿದ್ದು.

ಸೀಕರ್ ಹೊರಗಿನ ದಾರಿಗಳಿಗೇ ಹೊರತು ಮನೆಯೊಳಗೆ ನಡೆಯುವುದಿಲ್ಲ. ಜಿಮ್ ಲೀಡರ್‌ಗಳು ಬೇಕೇಬೇಕು ಅಂದರೆ ಪ್ಲಾಟಿನಂನಲ್ಲಿ ಕಥೆ ಮುಗಿದ ಮೇಲೆ ಸರ್ವೈವಲ್ ಏರಿಯಾದ ಬ್ಯಾಟಲ್‌ಗ್ರೌಂಡ್‌ಗೆ ಹೋಗಿ.

ನನಗೆ ಬೇಕಾಗಿದ್ದು ಅದಲ್ಲ. ಕೊನೆಯಲ್ಲಿ ಎದುರಾಗುವ ಚಾಂಪಿಯನ್ ಸಿಂಥಿಯಾಳ ಪೋಕೆಮಾನ್ ಗಾರ್‌ಚಾಂಪ್ ಪ್ಲಾಟಿನಂನಲ್ಲಿ ಲೆವೆಲ್ 62, ನನ್ನ ತಂಡ ಅವಳ ಮುಂದೆ ಮೊದಲ ಸಲ ನಿಂತಾಗ 51, 52ರಲ್ಲಿತ್ತು. ಕಾಡು ಪೋಕೆಮಾನ್ ಹೊಡೆದು ಅಷ್ಟು ಏರಿಸಲು ನನಗೆ ತಾಳ್ಮೆ ಇಲ್ಲ. ರಾತ್ರಿ ಅರ್ಧ ಗಂಟೆ, ಎರಡು ಮೂರು ಸಲ ವೈ ಒತ್ತಿ, ಸಿಕ್ಕವರನ್ನು ಹೊಡೆದು, ಡಿಎಸ್ ಮುಚ್ಚಳ ಮುಚ್ಚಿ ಮಲಗುವುದು. ಹನ್ನೆರಡು ದಿನದಲ್ಲಿ ತಂಡ 58 ದಾಟಿತು, ನನ್ನ ವೀವೈಲ್‌ನ ಐಸ್ ಪಂಚ್ ಏಟಿಗೆ ಗಾರ್‌ಚಾಂಪ್ ಬಿತ್ತು.

ಹಾರ್ಟ್‌ಗೋಲ್ಡ್ ಮಾರಿಲ್ಲ, ಫೈಟಿಂಗ್ ಡೋಜೋಗೋಸ್ಕರ ಇಟ್ಟುಕೊಂಡಿದ್ದೇನೆ. ಮೊನ್ನೆ ಆನ್ ಮಾಡಿ ಎರಡು ನಿಮಿಷ ಆಗಿರಲಿಲ್ಲ, ಜೋಯಿ ಫೋನ್.